ಬಟ್ಟೆಯಿಲ್ಲದ ಹೊಲಿಗೆ

ಬಾಗಿಲಿಗೆ ಅಡ್ಡ ನಿಂತ ಟೈಲರಮ್ಮನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಎದುರಿಗೆ ಮಹಿಳಾ ಇನ್ಸ್‌ಪೆಕ್ಟರ್, ಅವಳ ಹಿಂದೆ ಇಬ್ಬರು ಪೇದೆಗಳು.

“ನಿಮ್ಮ ತಮ್ಮ ಒಳಗಿದ್ದಾನಾ?”

“ಇಲ್ಲ ಮೇಡಂ. ಒಳಗೆ ಬರ್ಬೇಕಂದ್ರೆ ವಾರಂಟ್ ತೋರ್ಸಿ.”

ಬಾಯಿಲ್ಲದವಳೆಂದು ಬೀದಿಯೆಲ್ಲ ಅಂದುಕೊಂಡಿದ್ದ ಹೆಂಗಸು ಹೀಗೆ ಪಟ್ಟು ಹಿಡಿದದ್ದು ಅವಳಿಗೇ ಹೊಸದು. ವಕೀಲರ ಕರಿಕೋಟು ಹೊಲಿದು ಹೊಲಿದು ಇಷ್ಟು ಕಾನೂನಾದರೂ ಕಿವಿಗೆ ಬಿದ್ದಿತ್ತು.

“ತರಿಸ್ತೀನಿ,” ಎಂದಳು ಇನ್ಸ್‌ಪೆಕ್ಟರ್. “ಆದ್ರೆ ಒಳಗೆ ಯಾರ್ದಾದ್ರೂ ಜೀವಕ್ಕೆ ಅಪಾಯ ಅಂತ ಗೊತ್ತಾದ್ರೆ ವಾರಂಟಿಗೆ ಕಾಯಲ್ಲಮ್ಮಾ. ಯಾರೋ ನರಳಿದ್ದು ಕೇಳಿಸಿದ್ರೂ ಸಾಕು, ಬಾಗ್ಲು ಒಡೀತೀನಿ. ಗೋದಾಮಿನ ಮೇಲಿಂದ ಹಾರಿದ್ದಾನೆ, ಪೆಟ್ಟಾಗಿರುತ್ತೆ.”

ಟೈಲರಮ್ಮ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಒಳಕೋಣೆಯಲ್ಲಿ, ಕತ್ತರಿಸಿಟ್ಟ ಬಟ್ಟೆಗಳ ನಡುವೆ ತಮ್ಮ ಹೊಟ್ಟೆ ಹಿಡಿದು ಮುದುಡಿಕೊಂಡಿದ್ದ. ಮಾತಿಗೆ ಮಾತು ಬೆಳೆದು ಗೋದಾಮಿನ ಮೇಸ್ತ್ರಿಯ ತಲೆ ಒಡೆದು ಓಡಿಬಂದಿದ್ದ. ಮೈಮೇಲೆ ಒಂದು ಹನಿ ರಕ್ತವಿರಲಿಲ್ಲ. “ಉಳುಕಿದೆ ಅಷ್ಟೇ ಅಕ್ಕಾ” ಅಂದಿದ್ದ. ಅವಳು ನಂಬಿದ್ದಳು. ಅಮ್ಮ ಹೋದಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ, ಅವನನ್ನು ಜೈಲಿಗೆ ಕೊಡುವುದುಂಟೆ?

ಅಷ್ಟರಲ್ಲಿ ಅವನು ಸಣ್ಣಗೆ ನರಳಿದ.

ಅವಳು ಓಡಿಹೋಗಿ ಮೂಲೆಯ ಮೆಷಿನ್ನಿಗೆ ಕೂತು ತುಳಿಯತೊಡಗಿದಳು. ಬಟ್ಟೆಯಿಲ್ಲ, ದಾರವಿಲ್ಲ, ಸೂಜಿ ಬರಿದೇ ಕುಣಿಯಿತು. “ಇದು ಹೊಲಿಗೆ ಮೆಷಿನ್ನೋ, ಹಿಟ್ಟಿನ ಗಿರಣಿಯೋ?” ಎಂದು ಗಿರಾಕಿಗಳು ರೇಗಿಸುತ್ತಿದ್ದ ಸದ್ದು ಇವತ್ತು ಉಪಕಾರಕ್ಕೆ ಬಂತು. ಅವನ ಮುಖ ನೋಡಿದರೆ ಕಾಲು ನಿಂತೀತೆಂದು ಗೋಡೆ ನೋಡುತ್ತಲೇ ತುಳಿದಳು. ಮೀನಖಂಡ ಸೆಟೆದುಕೊಂಡರೂ ಬಿಡಲಿಲ್ಲ.

ಕೊನೆಗೆ ಬೆಲ್ಟು ಕಳಚಿತು, ಮೆಷಿನ್ನು ನಿಂತಿತು. ಅವಳು ಉಸಿರು ಬಿಗಿಹಿಡಿದಳು. ಈಗ ನರಳುತ್ತಾನೆ, ಈಗ ಅವರು ನುಗ್ಗುತ್ತಾರೆ.

ಅವನು ನರಳಲಿಲ್ಲ.

ತಿರುಗಿ ನೋಡಿದಳು. ತುಟಿ ಬಿಳಿಚಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಕೈ ತಣ್ಣಗಿತ್ತು.

“ಬನ್ನಿ! ಒಳಗೆ ಬನ್ನಿ!” ಎಂದು ಕಿರುಚುತ್ತ ಅವಳೇ ಚಿಲಕ ತೆಗೆದಳು.

ವಾರಂಟಿನ ಮಾತನ್ನು ಯಾರೂ ಎತ್ತಲಿಲ್ಲ. ಇನ್ಸ್‌ಪೆಕ್ಟರ್ ಮಂಡಿಯೂರಿ ಅವನ ಕುತ್ತಿಗೆ ಮುಟ್ಟಿ ನೋಡಿ, “ಬೇಗ ಎತ್ರೀ, ನಾಡಿ ಇನ್ನೂ ಇದೆ!” ಎಂದು ಕೂಗಿದಳು. ಪೇದೆಗಳು ಎತ್ತಿಕೊಂಡಾಗಲೂ ಅವನು ಕಣ್ಣು ಬಿಡಲಿಲ್ಲ.

“ನರಳ್ತಿದ್ನಾ? ಯಾವಾಗ ನಿಲ್ಸಿದ? ಡಾಕ್ಟ್ರು ಕೇಳ್ತಾರೆ, ಹೇಳಮ್ಮಾ.”

ಟೈಲರಮ್ಮ ಮೆಷಿನ್ನಿನ ಕಡೆ ನೋಡಿದಳು.

“ಕೇಳಿಸ್ಲಿಲ್ಲ ಮೇಡಂ,” ಅಂದಳು. “ನಾನು ಹೊಲೀತಿದ್ದೆ.”