ನೀನೇ ಬಿಟ್ಟುಕೊಡು

ಬಕೆಟ್ಟಿನಲ್ಲಿದ್ದ ಬಟ್ಟೆಯಲ್ಲಿ ಅರ್ಧವನ್ನಷ್ಟೇ ತಂತಿಗೆ ಹರವಿದ್ದೆ. ಒಳಗೆ ಪುಟ್ಟಿ ಚೀರಿದಳು. ಒದ್ದೆ ಕೈಯಲ್ಲೇ ಓಡಿದೆ. ನನ್ನ ಮಗಳ ಮುಂಗೈ ಮೇಲೆ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು. ಕಚ್ಚಿದ ಗಿಣಿ ಕಪಾಟಿಗೆ ಒರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಗಿಣಿ ಮೇಲಿನ ಮನೆಯ ಹುಡುಗಿ. ಪುಟ್ಟಿಯಷ್ಟೇ, ಆರು ವರ್ಷ. ಅವಳಮ್ಮ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಶಾಲೆಗೆ ರಜೆಯಿದ್ದ ದಿನ ಅವಳನ್ನು ನಮ್ಮಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾನೆ. ನಾನು ಆಗದು ಎಂದರೆ ಅವಳನ್ನು ದೂರದೂರಿನ ತನ್ನ ಅಕ್ಕನ ಮನೆಗೆ ಕಳಿಸುವುದೊಂದೇ ಅವನಿಗಿರುವ ದಾರಿ.

ಮೊದಲ ದಿನವೇ ನಮ್ಮತ್ತೆ ನನ್ನನ್ನು ಅಡುಗೆಮನೆಗೆ ಕರೆದು, ತಾಯಿಲ್ಲದ ಕೂಸು, ಒಂದು ಮಾತೂ ಅನ್ನಬೇಡ ಎಂದಿದ್ದರು. "ಸಿಟ್ಟು ಬಂದ್ರೆ ನನ್ನ ಮೇಲೆ ತೀರಿಸ್ಕೊ. ಹೇಗೂ ಅಭ್ಯಾಸ ಇದೆಯಲ್ಲ." ನನ್ನ ಕರುಳೂ ಹಾಗೇ ಹೇಳಿತ್ತು. ಗಿಣಿ ಬಣ್ಣದ ಪೆನ್ಸಿಲ್ ಮುರಿದಾಗ ಇರಲಿ ಎಂದೆ. ಗೊಂಬೆಯ ಕೂದಲು ಕತ್ತರಿಸಿದಾಗ ಸುಮ್ಮನೆ ಗುಡಿಸಿದೆ. ಬೇಕೆಂದೇ ಹಾಲು ಚೆಲ್ಲಿ, ಕಾಯುವವಳಂತೆ ನಿಂತಾಗ ನಕ್ಕು ಒರೆಸಿದೆ. ಪ್ರತಿ ಸಲವೂ ಪುಟ್ಟಿಗೇ ಹೇಳಿದೆ: ನೀನೇ ಬಿಟ್ಟುಕೊಡು. ಬಿಟ್ಟುಕೊಟ್ಟೂ ಬಿಟ್ಟುಕೊಟ್ಟೂ ನನ್ನ ಮಗಳು ಆಟದ ಸಾಮಾನನ್ನು ಮಂಚದಡಿ ಬಚ್ಚಿಡುವುದನ್ನು ಕಲಿತಳು. ನಿನ್ನೆ ತಲೆ ಬಾಚುವಾಗ, "ಅವಳು ಬಂದ್ರೆ ನೀನು ಅವಳಿಗೆ ಅಮ್ಮ ಆಗ್ಬಿಡ್ತೀಯ" ಎಂದಿದ್ದಳು.

ಆ ಮಾತು ಇನ್ನೂ ಎದೆಯಲ್ಲಿತ್ತು. ಗಾಯಕ್ಕೆ ತಣ್ಣೀರಿನ ಬಟ್ಟೆ ಒತ್ತುತ್ತಲೇ ತೀರ್ಮಾನಿಸಿಬಿಟ್ಟೆ: ಸಂಜೆ ಅವಳಪ್ಪನಿಗೆ ಹೇಳಿಬಿಡಬೇಕು, ನಾಳೆಯಿಂದ ಬೇಡ ಎಂದು.

ಅಷ್ಟರಲ್ಲಿ ಪುಟ್ಟಿ ನನ್ನ ಕೈ ಕೊಸರಿಕೊಂಡು ಆಟದ ಮರದ ಬಂಡಿಯನ್ನು ಗಿಣಿಯತ್ತ ಎಸೆದಳು. ಕಿವಿಯ ಪಕ್ಕದಲ್ಲೇ ಹಾದು ಅದು ಗೋಡೆಗೆ ಬಡಿಯಿತು.

"ಕಣ್ಣಿಗೆ ಬಿದ್ದಿದ್ರೆ ಏನೇ ಗತಿ? ಕೊಬ್ಬು ಹೆಚ್ಚಾಯ್ತಾ ನಿಂಗೆ? ಹೋಗು, ಮೂಲೇಲಿ ಕೂತ್ಕೋ. ನಾನು ಬರೋವರೆಗೂ ಏಳ್ಬಾರ್ದು."

ಪುಟ್ಟಿ ಬಿಕ್ಕುತ್ತಾ ಹೋಗಿ ಮೂಲೆ ಹಿಡಿದಳು. ನಮ್ಮನೆಯಲ್ಲಿ ಶಿಕ್ಷೆ ಅಂದರೆ ಅಷ್ಟೇ: ಕೈಯಲ್ಲಿರುವ ಕೆಲಸ ಮುಗಿಸಿ ಬಂದು ನಾನೇ ಎಬ್ಬಿಸುತ್ತೇನೆ, ಅವಳು ಮಡಿಲಲ್ಲಿ ಮುಖ ಹುದುಗಿಸಿ ಅಳುತ್ತಾಳೆ, ನಾನು ಬೆನ್ನು ಸವರುತ್ತೇನೆ. ಇದನ್ನೆಲ್ಲ ಗಿಣಿ ಎಷ್ಟೋ ಸಲ ದೂರದಿಂದ ನೋಡಿದ್ದಾಳೆ.

ಉಳಿದ ಬಟ್ಟೆ ಹರವಿ ಬಂದೆ. ಮೂಲೆಯಲ್ಲಿ ಇಬ್ಬರಿದ್ದರು. ಗಿಣಿ ಗೋಡೆಗೆ ಬೆನ್ನು ಒತ್ತಿ, ಮೊಣಕಾಲು ತಬ್ಬಿ, ಥೇಟ್ ಪುಟ್ಟಿಯಂತೆಯೇ ಕೂತಿದ್ದಳು. ಪುಟ್ಟಿಯ ಅಳು ನಿಂತಿತ್ತು. ಪಕ್ಕದವಳನ್ನು ಬೆರಗಿನಿಂದ ನೋಡುತ್ತಿದ್ದಳು.

"ನೀನು ಏಳಮ್ಮ. ನಾನು ಹೇಳಿದ್ದು ನಿಂಗಲ್ಲ," ಎಂದೆ, ಎಂದಿನ ಮೆದು ದನಿಯಲ್ಲಿ.

ಅವಳು ಏಳಲಿಲ್ಲ. ಕೈ ಹಿಡಿದು ಎಬ್ಬಿಸಲು ಹೋದರೆ ಇನ್ನಷ್ಟು ಬಿಗಿಯಾಗಿ ಮುದುಡಿಕೊಂಡಳು. ನಾನು ಅವಳೆದುರು ನೆಲದ ಮೇಲೇ ಕೂತೆ.

"ಅಮ್ಮ ಬಯ್ತಿದ್ಲು," ಎಂದಳು, ತನ್ನ ಕಾಲ್ಬೆರಳನ್ನೇ ನೋಡುತ್ತಾ. ಆಮೇಲೆ ತಲೆಯೆತ್ತಿದಳು.

"ಕಚ್ಚಿದ್ದು ನಾನಲ್ವಾ ಆಂಟಿ? ನಂಗ್ಯಾಕೆ ಯಾರೂ ಬಯ್ಯಲ್ಲ?"