ಜಾನಮ್ಮನ ಚಿಪ್ಪು

“ಗಂಟು ಬಿಚ್ಚಕ್ಕೆ ಬರ್ತಿಲ್ಲ, ಕತ್ರಿ ಕೊಡು ಅತ್ತಿಗೆ,” ಎಂದಳು ಇಂದುಜಾ.

ಗಾಂಧಿಪುರಂ ಹಿಂದಿನ ಓಣಿಮನೆಯಲ್ಲಿ ಜಾನಮ್ಮನಿಗೆ ಕೊನೆಯ ನೀರು ಹುಯ್ದಾಗಿತ್ತು. ಬೆಂಕಿಗೆ ಒಡವೆ ಕೊಡುವುದು ಇವರಲ್ಲಿಲ್ಲ. ಕಳಚಿಕೊಳ್ಳುವ ಹಕ್ಕು ಮಗಳದು. ಬಳೆ, ಓಲೆ, ಸರ ಎಲ್ಲ ಇಂದುಜಾಳ ಸೆರಗಿಗೆ ಸೇರಿದ್ದವು. ಉಳಿದದ್ದು ಕಪ್ಪು ದಾರದ ಪದಕ: ಬೆಳ್ಳಿಯ ಕಟ್ಟು, ನಡುವೆ ಅಬಲೋನ್ ಎಂಬ ಕಡಲಚಿಪ್ಪಿನ ತುಂಡು.

“ಏನಿದು, ಸುಣ್ಣ ಬಳಿದಂಗೈತೆ? ಅಮ್ಮನ ಜತೇಲೇ ಹೋಗ್ಲಿ ಬಿಡು.”

“ಹೋಗ್ಲಿ. ಆದ್ರೆ ಹಿಂಗೆ ಹೋಗಬಾರದು,” ಎಂದಳು ಸೊಸೆ ಸತ್ಯಾ.

*

ಹೋದ ಶುಕ್ರವಾರ ಸತ್ಯಾ ಮನೆಯ ಒಡವೆಯನ್ನೆಲ್ಲ ಹುಣಿಸೆನೀರಿಗೆ ಹಾಕಿದ್ದಳು. ಬಂಗಾರ ಫಳಫಳ ಎಂದಿತು. ನವಿಲಿನ ಬಣ್ಣದ ಚಿಪ್ಪು ಮಾತ್ರ ಹುಳಿ ತಿಂದು ಬಿಳಿಚಿಕೊಂಡಿತು. ಆಯುಸ್ಸೆಲ್ಲ ಚಿಪ್ಪು ಕೊಯ್ದು, ತೇದು, ಒಡವೆ ಅಂಗಡಿಗಳಿಗೆ ಕೊಟ್ಟ ಜಾನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ ಪೈತ್ಯಕಾರಿ, ಹುಚ್ಚೀ, ಚಿಪ್ಪಿಗೂ ಹುಳಿಗೂ ಎಣ್ಣೆ ಸೀಗೇಕಾಯಿ ಕಣೇ! ಇರ್ಲಿ, ಕೆಳಗೆ ಇನ್ನೊಂದು ಬಣ್ಣ ಕಾದು ಕೂತಿರುತ್ತೆ. ಮರಳಂಟಿದ ಉಪ್ಪುಕಾಗದಕ್ಕೆ ನೀರು ಹಾಕ್ಕೊಂಡು ತೇಯಿ. ಕೆಡಿಸ್ದೋಳು ನೀನು, ತೇಯೋಳೂ ನೀನೇ.”

ನಾಳೆ ತೇದರಾಯಿತು ಎಂದುಕೊಂಡಳು ಸತ್ಯಾ. ಆ ನಾಳೆಯೇ ಅತ್ತೆಗೆ ಎದೆನೋವು ಬಂತು.

*

ಸತ್ಯಾ ದಾರ ಕತ್ತರಿಸಿ, ಪದಕ ತೆಗೆದುಕೊಂಡು ಬಾನಿಯ ಪಕ್ಕ ಕುಳಿತೇಬಿಟ್ಟಳು. ಉಪ್ಪುಕಾಗದ ಒದ್ದೆಮಾಡಿ ತೇಯತೊಡಗಿದಳು.

“ಎಲಾ ಇವಳ! ಹೆಣ ಇಟ್ಕೊಂಡು ಕೆಲಸಕ್ಕೆ ಕೂತವಳೆ!” ನೆರೆಮನೆಯ ಕಾಮಾಕ್ಷಿಯಮ್ಮ ಕೆನ್ನೆಗೆ ಕೈಯಿಟ್ಟಳು.

“ಸತ್ಯಾ, ಸುಡುಗಾಡಿನ ವಂಡಿ ಬಂದು ನಿಂತೈತೆ! ನೇರಮಾಯ್ತು, ಹೊತ್ತು ಮೀರ್ತೈತೆ!” ಹೊರಗಿನಿಂದ ಗಂಡ ನಂದಕುಮಾರ್ ಕೂಗಿದ.

“ನಿಂತಿರ್ಲಿ, ವಂಡಿಯವರಿಗೆ ಕಾಫಿ ಕೊಡಿ. ಮಂಕಾದ ತುಂಡು ಒಂದನ್ನೂ ಅತ್ತೆ ಈ ಹೊಸ್ತಿಲು ದಾಟಿಸಿಲ್ಲ. ಇವತ್ತು ಅವರ ಕೊರಳಲ್ಲೇ ದಾಟಬೇಕಾ?”

ಬೆರಳ ಸಂದಿಯಿಂದ ಬಿಳಿನೀರು ಇಳಿಯಿತು. ಸತ್ಯಾಳಿಗೆ ಅಳು ಉಕ್ಕಿ ಬಂತು. ಕೈ ಮಾತ್ರ ನಿಲ್ಲಲಿಲ್ಲ. ಒಂದು ಮೂಲೆಯಲ್ಲಿ ನೀಲಿ ಎದ್ದಿತು, ಅದರ ಬೆನ್ನಿಗೇ ಹಸಿರು.

“ಅಮ್ಮಾಡಿ! ಇಷ್ಟು ಚೆಂದದ್ದನ್ನ ಬೆಂಕಿಗೆ ಕೊಡ್ತೀರಾ?” ಎಂದಳು ಕಾಮಾಕ್ಷಿಯಮ್ಮ.

ಇಂದುಜಾ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಕೊಡ್ತೀವಿ,” ಎಂದಳು. “ಹೊಸ ದಾರ ಎಲ್ಲೈತೆ ಅತ್ತಿಗೆ? ನಾನೇ ಕಟ್ತೀನಿ.”

“ಇರು, ಇನ್ನೊಂದು ಸಲ ಒರೆಸ್ತೀನಿ.”

ಜಾನಮ್ಮನನ್ನು ಎತ್ತಿದರು. ಹೊಸ್ತಿಲ ಬಳಿ ಬಿಸಿಲು ಅವಳ ಕೊರಳ ಮೇಲೆ ಬಿತ್ತು. ಹೊತ್ತವರು ಹೆಜ್ಜೆಯಿಟ್ಟಂತೆಲ್ಲ ಚಿಪ್ಪು ನೀಲಿಯಾಯಿತು, ಹಸಿರಾಯಿತು, ಬಾಗಿಲಾಚೆ ಒಂದು ಗಳಿಗೆ ಗುಲಾಬಿಯಾಯಿತು.