ಕಟ್ಟಿಕೊಟ್ಟ ಕಣ್ಣೀರು

“ಇವನು ಹೊಡೆದಾದ ಮೇಲೆ ಏನು ಮಾಡ್ತಾನೆ?”

ಕೋಣೆಯಲ್ಲಿ ಉತ್ತರ ಕೊಡಲು ಯಾರೂ ಇರಲಿಲ್ಲ. ಕತೆಗಾರ್ತಿ ಪೆನ್ನಿನ ತುದಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ವಾರಪತ್ರಿಕೆಯ ಧಾರಾವಾಹಿಯ ಒಂಬತ್ತನೇ ಕಂತು ಅವತ್ತೇ ಹೋಗಬೇಕು. ಹೆಂಡತಿಯನ್ನು ಬಡಿಯುವ ಗಂಡನ ಪಾತ್ರ ಎಂಟು ಕಂತು ಬಡಿದೂ ಬಡಿದೂ ಸಪ್ಪೆಯಾಗಿತ್ತು. “ನಿಮ್ಮ ಖಳ ಮರದ ಕೊರಡು ಕಣಮ್ಮಾ, ಉಸಿರೇ ಆಡಲ್ಲ,” ಎಂದು ಸಂಪಾದಕರು ಫೋನಿನಲ್ಲಿ ನಕ್ಕಿದ್ದರು.

ಉಸಿರು ತುಂಬಲು ಹೆಚ್ಚು ದೂರ ಹುಡುಕಬೇಕಿರಲಿಲ್ಲ. ಟೈರ್ ಅಂಗಡಿಯ ಭಾವ ಇದ್ದ. ಕೈ ಎತ್ತುವ ಮೊದಲು ಅವನು ಗಡಿಯಾರ ಬಿಚ್ಚಿ, ಗಾಜು ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಅಕ್ಕನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸುತ್ತಿದ್ದ. ಮೂರು ತಿಂಗಳ ಹಿಂದೆ ಎರಡು ಬೆರಳು ಮುರಿಸಿಕೊಂಡ ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ತಂಗಿಯ ಮನೆಗೆ ಓಡಿಬಂದಿದ್ದಳು.

ಗಡಿಯಾರ ಹಾಳೆಗೆ ಇಳಿಯಿತು. ಆದರೂ ಏನೋ ಸಾಲದು. ಚಿಕ್ಕಂದಿನಲ್ಲಿ ಅಪ್ಪ ರಾಗವಾಗಿ ಪದ್ಯ ಓದುವಾಗ ರಾಕ್ಷಸನಿಗೂ ಒಂದು ಅಳು ಇರುತ್ತಿತ್ತು. ಅವನು ನೆಲಕ್ಕುರುಳುವಾಗ ಕೇಳುತ್ತ ಕೂತ ಅಕ್ಕತಂಗಿಯರಿಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ನೆನಪಾದದ್ದೇ ತಡ, ಅವಳು ಬರೆದಳು: ಹೆಂಡತಿ ಪ್ರಜ್ಞೆ ತಪ್ಪಿದ ಮೇಲೆ ಅವನು ನೀರು ಕಾಯಿಸುತ್ತಾನೆ. ಬಟ್ಟೆ ಅದ್ದಿ ಊದಿದ ಮುಖಕ್ಕೆ ಶಾಖ ಕೊಡುತ್ತ ಸದ್ದಿಲ್ಲದೆ ಅಳುತ್ತಾನೆ. ಅವಳು ಕಣ್ಣು ಬಿಡುವ ಮೊದಲೇ ಎದ್ದುಹೋಗುತ್ತಾನೆ. ಅವಳಿಗದು ಎಂದೂ ತಿಳಿಯುವುದಿಲ್ಲ.

ಹಾಳೆಗಳನ್ನು ಎಲ್ಲರಿಗಿಂತ ಮೊದಲು ಓದುವವಳು ಅಕ್ಕ. ಓದುತ್ತ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇವರು ಅವರೇ ಅಲ್ವೇನೇ?”

“ಗಡಿಯಾರ ಅವರದ್ದೇ.”

“ನಂಗೆ ಎಚ್ಚರ ಇಲ್ಲದಾಗ... ನಿಂಗ್ಯಾರು ಹೇಳಿದ್ರು ಇದನ್ನ? ಅವರೇ ಹೇಳಿದ್ರಾ?”

ಇಲ್ಲ, ನಾನೇ ಕಟ್ಟಿದ್ದು ಎನ್ನಬೇಕಿತ್ತು. ಆದರೆ ತನ್ನ ಕೊರಡು ಕೊನೆಗೂ ಒಬ್ಬಳನ್ನು ಅಳಿಸಿತಲ್ಲ ಎಂಬ ಹಿಗ್ಗು ಕತೆಗಾರ್ತಿಯ ಬಾಯಿ ಕಟ್ಟಿತು. ಸುಮ್ಮನೆ ನಕ್ಕಳು. ಮರುದಿನ ಬೆಳಿಗ್ಗೆ ಅಕ್ಕನ ಹಾಸಿಗೆ ಮಡಚಿಟ್ಟಿತ್ತು. ಗಂಡನ ಮನೆಗೆ ಹೊರಟುಹೋಗಿದ್ದಳು.

ಹನ್ನೆರಡನೇ ದಿನ, ಟೈರ್ ಅಂಗಡಿಯ ಪಕ್ಕದ ದರ್ಜಿ ಫೋನು ಮಾಡಿದ. “ಬೇಗ ಬನ್ನಿ. ನಿಮ್ಮ ಭಾವ ಒಳಗಡೆಯಿಂದ ಷಟರ್ ಎಳ್ಕೊಂಡಿದಾನೆ. ಈಗ ನಿಮ್ಮಕ್ಕನ ಕೂಗೂ ನಿಂತುಹೋಗಿದೆ.”

ಸುಡುವ ಮಧ್ಯಾಹ್ನ. ಅವಳೂ ದರ್ಜಿಯೂ ಸೇರಿ ಷಟರ್ ಮೇಲೆತ್ತಿದರು. ಟೈರುಗಳ ನಡುವೆ ಅಕ್ಕ ಬಿದ್ದಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಸೀಳಿತ್ತು, ಸಿಮೆಂಟಿನ ನೆಲದ ಮೇಲೆ ರಕ್ತದಲ್ಲಿ ಒಂದು ಹಲ್ಲು. ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಭಾವನ ಕೈಯಲ್ಲಿತ್ತು.

“ಬಂದ್ಲಪ್ಪಾ ಕತೆಗಾರ್ತಿ! ಮುಂದಿನ ಕಂತಿಗೆ ಸರಕು ಬೇಕಾಯ್ತಾ?”

ಬೀಸಿದ. ಅವಳ ಹೆಗಲ ಮೂಳೆ ಲಟಕ್ಕೆಂದಿತು. ಕೆಳಗೆ ಬಿದ್ದವಳ ಕೈಗೆ ಸುತ್ತಿಗೆಯೊಂದು ಸಿಕ್ಕಿತು. ಅವನ ಮೊಣಕಾಲಿಗೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು. ಅವನು ಕುಸಿದ. ದರ್ಜಿ ಪಟ್ಟಿಯನ್ನು ಕಿತ್ತೆಸೆದು ಅವನ ಎದೆಯ ಮೇಲೆ ಕೂತ.

“ಅಲ್ಲಾಡ್ಬೇಡ. ತೊಂಬತ್ತು ಕೆಜಿ ಇದೀನಿ.”

ಭಾವ ಅಳತೊಡಗಿದ. “ಲೇ, ನೀನೇ ಬರ್ದಿದೀಯಲ್ಲ. ಇವಳೇ ಓದಿ ಹೇಳಿದ್ಲು. ನಾನು ಒಳಗೆ ಒಳ್ಳೇವನು ಕಣೇ. ಹೇಳು ನಿಮ್ಮಕ್ಕಂಗೆ.”

ಅಕ್ಕನ ತೆರೆದ ಕಣ್ಣು ತಂಗಿಯ ಕಡೆ ತಿರುಗಿತು. ಅಷ್ಟಾದ ಮೇಲೂ ಅದು ಹೌದೆನ್ನು ಎಂದು ಬೇಡುತ್ತಿತ್ತು.

“ಸುಳ್ಳು ಅಕ್ಕಾ,” ಎಂದಳು ಕತೆಗಾರ್ತಿ. “ನೀರು ಕಾಯಿಸಿದ್ದು, ಅತ್ತಿದ್ದು, ಎಲ್ಲಾ ನಾನು ಕಟ್ಟಿದ್ದು. ಪಾತ್ರ ಸಪ್ಪೆ ಅಂದ್ರು ಅಂತ. ಅವತ್ತೇ ಹೇಳ್ಬೇಕಿತ್ತು ನಿಂಗೆ. ಹೇಳ್ಲಿಲ್ಲ.”

ಅಕ್ಕ ಗಂಡನನ್ನು ನೋಡಿದಳು. “ಒಂದ್ಸಲಾನೂ ಇಲ್ವಾ?”

“ಇನ್ಮೇಲೆ ಕಾಯಿಸ್ತೀನಿ ಕಣೇ. ಆಣೆ ಮಾಡ್ತೀನಿ. ಪೊಲೀಸು ಗಿಲೀಸು ಏನೂ ಬೇಡ. ಮನೆಗೆ ಹೋಗೋಣ ಬಾ.”

ಅವಳು ಟೈರೊಂದರ ಅಂಚು ಹಿಡಿದು ಎದ್ದು ಕೂತಳು. ಬಾಯಿ ತುಂಬಿದ್ದ ರಕ್ತವನ್ನು ಪಕ್ಕಕ್ಕೆ ಉಗಿದಳು.

“ಬರಲ್ಲ.”